ರಾಷ್ಟ್ರೀಯ ಷೇರುಪೇಟೆ: ರಚನೆ ಮತ್ತು ಕಾರ್ಯವಿಧಾನ

ಬೆಳೆದ ಬೆಳೆಯನ್ನು ಮಾರುವ ರೈತನಿಗೆ ಮಾರುಕಟ್ಟೆ ಹೊಸದಲ್ಲ. ಮಾರುಕಟ್ಟೆ ಪ್ರಾಂಗಣ, ಲೈಸೆನ್ಸು ಪಡೆದ ದಲಾಲರು, ಖರೀದಿದಾರರು, ತೂಕದವರು, ಟೆಂಡರು, ಕೊನೆಗೆ ಲೆಕ್ಕದ ಪಟ್ಟಿ, ಇವೆಲ್ಲ ಅವನಿಗೆ ಚೆನ್ನಾಗಿ ಗೊತ್ತು. ಆದರೆ ಷೇರುಪೇಟೆ ಎಂದೊಡನೆ ಅದು ಜೂಜಿನ ಕಟ್ಟೆ ಎಂದು ದೂರ ಸರಿಯುವವರು ಕೆಲವರು, ಬೇಗ ಹಣ ಮಾಡುವ ಜಾಗವೆಂದು ಮುನ್ನುಗ್ಗುವವರು ಇನ್ನು ಕೆಲವರು. ಇತ್ತೀಚಿನ ವರ್ಷಗಳಲ್ಲಿ ಮೊಬೈಲ್ ಫೋನು ಈ ಪೇಟೆಯನ್ನು ಹಳ್ಳಿಯ ಜಗಲಿಗೇ ತಂದಿದೆ. ಹೆದ್ದಾರಿಗೋ ನಾಲೆಗೋ ಹೋದ ಜಮೀನಿನ ಪರಿಹಾರದ ಹಣ, ಅಡಿಕೆ ಅಥವಾ ಕಾಫಿ ಮಾರಿದ ಹಣ ಕೈಯಲ್ಲಿರುವ ಮನೆಗಳಿಗೆ ಸಲಹೆ ಕೊಡುವವರ ಕರೆಗಳು ತಾವಾಗಿ ಬರುತ್ತವೆ. ಆದ್ದರಿಂದ ಈ ಪೇಟೆ ಹೇಗೆ ರಚನೆಯಾಗಿದೆ, ಹೇಗೆ ನಡೆಯುತ್ತದೆ, ಯಾವುದಕ್ಕೆ ಹೊಣೆ ಹೊರುತ್ತದೆ, ಯಾವುದಕ್ಕೆ ಹೊರುವುದಿಲ್ಲ ಎಂಬುದನ್ನು ತಿಳಿದುಕೊಳ್ಳುವುದು ಅವಶ್ಯ. ಮುಂಬಯಿಯಲ್ಲಿ ಮುಖ್ಯ ಕಚೇರಿಯುಳ್ಳ ರಾಷ್ಟ್ರೀಯ ಷೇರುಪೇಟೆಯನ್ನು (ಎನ್.ಎಸ್.ಇ.) ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಷೇರು ಎಂದರೇನು?

ಒಂದು ಕಂಪನಿಯ ಒಡೆತನವನ್ನು ಸಮನಾದ ಸಣ್ಣ ಪಾಲುಗಳಾಗಿ ವಿಂಗಡಿಸಿದಾಗ ಅಂತಹ ಒಂದೊಂದು ಪಾಲನ್ನು ಷೇರು ಎನ್ನುತ್ತಾರೆ. ಷೇರು ಕೊಂಡವನು ಕಂಪನಿಗೆ ಸಾಲ ಕೊಟ್ಟವನಲ್ಲ, ಅದರ ಪಾಲುಗಾರ. ಲಾಭ ಬಂದು ಕಂಪನಿ ಹಂಚಲು ತೀರ್ಮಾನಿಸಿದರೆ ಅವನಿಗೆ ಲಾಭಾಂಶ ಸಿಗುತ್ತದೆ. ಕಂಪನಿ ಮುಳುಗಿದರೆ ಹಾಕಿದ ಹಣವೂ ಮುಳುಗಬಹುದು. ಸಾಲಪತ್ರ ಇದಕ್ಕಿಂತ ಭಿನ್ನವಾದುದು. ಅದರಲ್ಲಿ ನಿಗದಿಯಾದ ಬಡ್ಡಿಯೂ ಅಸಲು ಮರಳಿಸುವ ಗಡುವೂ ಇರುತ್ತವೆ. ಇವೆರಡೂ ಷೇರುಪೇಟೆಯಲ್ಲಿ ವಹಿವಾಟಾಗುತ್ತವೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಕಂಪನಿಯು ಹೊಸ ಷೇರುಗಳನ್ನು ಜನರಿಗೆ ನೀಡಿದಾಗ ಮಾತ್ರ ಹಣ ಕಂಪನಿಗೆ ಸೇರುತ್ತದೆ. ಅನಂತರ ಪೇಟೆಯಲ್ಲಿ ದಿನನಿತ್ಯ ನಡೆಯುವುದು ಒಬ್ಬ ಪಾಲುಗಾರನಿಂದ ಇನ್ನೊಬ್ಬನಿಗೆ ಪಾಲಿನ ವರ್ಗಾವಣೆ. ಟ್ರಾಕ್ಟರು ತಯಾರಿಸುವ ಮಹೀಂದ್ರ, ಬೆಂಗಳೂರಿನ ಇನ್ಫೊಸಿಸ್, ಮಂಗಳೂರಿನ ಕರ್ಣಾಟಕ ಬ್ಯಾಂಕ್ ಇವುಗಳ ಷೇರುಗಳನ್ನು ಇಂದು ಪೇಟೆಯಲ್ಲಿ ಕೊಂಡವನ ಹಣ ಆ ಸಂಸ್ಥೆಗಳಿಗೆ ಹೋಗುವುದಿಲ್ಲ. ಮಾರಿದ ಅಪರಿಚಿತ ವ್ಯಕ್ತಿಗೆ ಹೋಗುತ್ತದೆ. ಒಬ್ಬ ಕೊಳ್ಳುವಾಗ ಇನ್ನೊಬ್ಬ ಮಾರುತ್ತಿದ್ದಾನೆ ಎಂಬುದನ್ನು ಮರೆಯಬಾರದು.

ರಾಷ್ಟ್ರೀಯ ಪೇಟೆ ಹುಟ್ಟಿದ ಬಗೆ

ಭಾರತದಲ್ಲಿ ಷೇರುಪೇಟೆ ಹಳೆಯದು. ಮುಂಬಯಿ ಷೇರುಪೇಟೆ 1875ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿಯೂ 1963ರಲ್ಲಿ ಒಂದು ಪೇಟೆ ಆರಂಭವಾಗಿತ್ತು. ಈ ಹಳೆಯ ಪೇಟೆಗಳಲ್ಲಿ ಹೆಚ್ಚಿನವು ದಲ್ಲಾಳಿಗಳ ಸಂಘಗಳೇ ಆಗಿದ್ದವು. ವ್ಯಾಪಾರ ಮಾಡುವವರೂ ಅವರೇ, ಪೇಟೆಯ ಒಡೆಯರೂ ಅವರೇ, ತಪ್ಪಿಗೆ ದಂಡ ವಿಧಿಸಬೇಕಾದವರೂ ಅವರೇ. ದಲ್ಲಾಳಿಗಳು ಒಂದೇ ಸಭಾಂಗಣದಲ್ಲಿ ನಿಂತು ಕೂಗಿ ವ್ಯಾಪಾರ ಕುದುರಿಸುತ್ತಿದ್ದರು. ದೂರದ ಊರಿನ ಗ್ರಾಹಕನಿಗೆ ತನ್ನ ಷೇರು ಯಾವ ಹೊತ್ತಿಗೆ, ಯಾವ ಬೆಲೆಗೆ ಹೋಯಿತೆಂಬುದನ್ನು ಪರೀಕ್ಷಿಸುವ ದಾರಿ ಇರಲಿಲ್ಲ. ಷೇರು ಪತ್ರಗಳು ಅಂಚೆಯಲ್ಲಿ ಕಳೆಯುವುದು, ಸಹಿ ಹೊಂದದೆ ಹಿಂದಿರುಗುವುದು, ನಕಲಿ ಪತ್ರಗಳು ನುಸುಳುವುದು ಸಾಮಾನ್ಯವಾಗಿತ್ತು.

ದೇಶಕ್ಕೆಲ್ಲ ಒಂದು ಮಾದರಿ ಪೇಟೆ ಬೇಕೆಂದು ಎಂ.ಜೆ. ಫೆರ್ವಾನಿ ಅವರ ಅಧ್ಯಕ್ಷತೆಯ ಸಮಿತಿ 1991ರಲ್ಲಿ ಶಿಫಾರಸು ಮಾಡಿತು. 1992ರಲ್ಲಿ ದೊಡ್ಡ ಷೇರು ಹಗರಣ ಬಯಲಾದಾಗ ಸುಧಾರಣೆಯ ಅಗತ್ಯ ಎಲ್ಲರಿಗೂ ಮನದಟ್ಟಾಯಿತು. ಅದೇ ವರ್ಷ ಭಾರತೀಯ ಷೇರು ನಿಯಂತ್ರಣ ಮಂಡಳಿಗೆ (ಸೆಬಿ) ಶಾಸನದ ಬಲ ದೊರೆಯಿತು. ಅದೇ ವರ್ಷ ರಾಷ್ಟ್ರೀಯ ಷೇರುಪೇಟೆಯೂ ಕಂಪನಿಯಾಗಿ ನೋಂದಣಿಯಾಯಿತು. ಸಾರ್ವಜನಿಕ ಹಣಕಾಸು ಸಂಸ್ಥೆಗಳು ಇದರ ಪ್ರವರ್ತಕರು. 1993ರಲ್ಲಿ ಮಾನ್ಯತೆ ದೊರೆತು, 1994ರ ನವೆಂಬರ್‌ನಲ್ಲಿ ಷೇರು ವಹಿವಾಟು ಶುರುವಾಯಿತು. ಸಭಾಂಗಣದ ಕೂಗಾಟಕ್ಕೆ ಬದಲು ಗಣಕಯಂತ್ರ ಬಂತು. ದಲ್ಲಾಳಿಗಳ ಕಚೇರಿಗಳ ಮೇಲೆ ನೆಟ್ಟ ಸಣ್ಣ ಉಪಗ್ರಹ ತಟ್ಟೆಗಳ ಮೂಲಕ ಊರೂರುಗಳು ಒಂದೇ ಪೇಟೆಗೆ ಜೋಡಣೆಯಾದವು. ಸುಮಾರು ಒಂದು ವರ್ಷದಲ್ಲಿಯೇ ಈ ಪೇಟೆ ವಹಿವಾಟಿನಲ್ಲಿ ಮುಂಬಯಿಯ ಹಳೆಯ ಪೇಟೆಯನ್ನು ಮೀರಿಸಿತು. ಪ್ರಾದೇಶಿಕ ಪೇಟೆಗಳಲ್ಲಿ ಕ್ರಮೇಣ ವ್ಯಾಪಾರ ಬತ್ತಿತು; ಬೆಂಗಳೂರು ಷೇರುಪೇಟೆ 2014ರಲ್ಲಿ ಮುಚ್ಚಿತು.

ಪೇಟೆಯ ಅಂಗಗಳು

ಕೃಷಿ ಮಾರುಕಟ್ಟೆಯಲ್ಲಿ ಸಮಿತಿ, ದಲಾಲರು, ಗೋದಾಮು, ತೂಕದವರು ಎಂದು ಕೆಲಸ ಹಂಚಿಕೆಯಾಗಿರುವಂತೆ ಷೇರುಪೇಟೆಯಲ್ಲಿಯೂ ಹಂಚಿಕೆಯಾಗಿದೆ. ಮುಖ್ಯ ಅಂಗಗಳು ಹೀಗಿವೆ:

1. ನಿಯಂತ್ರಕ ಸಂಸ್ಥೆ: ಸೆಬಿ. ಇದು ನಿಯಮಗಳನ್ನು ರೂಪಿಸುತ್ತದೆ, ದಲ್ಲಾಳಿಗಳಿಗೂ ಸಲಹೆಗಾರರಿಗೂ ನೋಂದಣಿ ಕೊಡುತ್ತದೆ, ತಪ್ಪಿದವರಿಗೆ ದಂಡ ವಿಧಿಸುತ್ತದೆ. ಷೇರುಪೇಟೆಗಳಿಗೆ ಮಾನ್ಯತೆ ನೀಡುವುದು 1956ರ ಭದ್ರತಾ ಪತ್ರಗಳ ಕರಾರು (ನಿಯಂತ್ರಣ) ಕಾಯಿದೆಯ ಪ್ರಕಾರ.

2. ಷೇರುಪೇಟೆ: ಇದು ವ್ಯಾಪಾರ ನಡೆಯುವ ಪ್ರಾಂಗಣ. ಪೇಟೆ ತಾನು ಷೇರುಗಳನ್ನು ಕೊಳ್ಳುವುದೂ ಇಲ್ಲ, ಗ್ರಾಹಕರಿಗೆ ಮಾರುವುದೂ ಇಲ್ಲ. ಪಟ್ಟಿಗೆ ಸೇರಿದ ಕಂಪನಿಗಳು ಮೂರು ತಿಂಗಳಿಗೊಮ್ಮೆ ಲೆಕ್ಕಪತ್ರವನ್ನೂ ಮಹತ್ವದ ಸಂಗತಿಗಳನ್ನೂ ಪ್ರಕಟಿಸುವಂತೆ ಇದು ನೋಡಿಕೊಳ್ಳುತ್ತದೆ.

3. ದಲ್ಲಾಳಿಗಳು: ಗ್ರಾಹಕ ನೇರವಾಗಿ ಪೇಟೆಯೊಳಗೆ ಹೋಗುವಂತಿಲ್ಲ. ನೋಂದಾಯಿತ ದಲ್ಲಾಳಿಯ ಮೂಲಕವೇ ಬೇಡಿಕೆ ಸಲ್ಲಿಸಬೇಕು. ಮೊಬೈಲಿನಲ್ಲಿ ಕಾಣುವ ಅಧಿಕೃತ ಆ್ಯಪ್ ಕೂಡ ಒಬ್ಬ ದಲ್ಲಾಳಿಯ ಅಂಗಡಿಯೇ.

4. ತೀರುವಳಿ ನಿಗಮ: ವ್ಯಾಪಾರ ಕುದುರಿದ ಮೇಲೆ ಹಣವೂ ಷೇರೂ ಸರಿಯಾಗಿ ಕೈಬದಲಾಗುವಂತೆ ನೋಡಿಕೊಳ್ಳುವ ಸಂಸ್ಥೆ. ಈ ಉದ್ದೇಶದ ನಿಗಮವನ್ನು ರಾಷ್ಟ್ರೀಯ ಷೇರುಪೇಟೆ 1995ರಲ್ಲಿ ಸ್ಥಾಪಿಸಿತು.

5. ಠೇವಣಿ ಭಂಡಾರ: ಷೇರುಗಳ ಗೋದಾಮು. 1996ರ ಶಾಸನದ ಪ್ರಕಾರ ಷೇರುಗಳನ್ನು ಕಾಗದದ ಬದಲು ಗಣಕಯಂತ್ರದ ಲೆಕ್ಕದಲ್ಲಿ ಇಡುವ ವ್ಯವಸ್ಥೆ ಬಂತು. ದೇಶದಲ್ಲಿ ಇಂತಹ ಎರಡು ಭಂಡಾರಗಳಿವೆ: ಎನ್.ಎಸ್.ಡಿ.ಎಲ್. ಮತ್ತು ಸಿ.ಡಿ.ಎಸ್.ಎಲ್. ಇಲ್ಲಿನ ಖಾತೆಗೆ ಡಿಮ್ಯಾಟ್ ಖಾತೆ ಎಂದು ಹೆಸರು.

ಈ ರಚನೆಯ ತಿರುಳು ಒಂದೇ: ಒಡೆತನ, ಆಡಳಿತ ಮತ್ತು ವ್ಯಾಪಾರ ಒಬ್ಬರ ಕೈಯಲ್ಲೇ ಇರಬಾರದು. ರಾಷ್ಟ್ರೀಯ ಷೇರುಪೇಟೆ ಮೊದಲಿನಿಂದಲೂ ಈ ತತ್ವದ ಮೇಲೆ ನಡೆಯಿತು. 2004ರ ತಿದ್ದುಪಡಿಯ ಮೂಲಕ ಇತರ ಪೇಟೆಗಳಿಗೂ ಇದನ್ನು ಕಡ್ಡಾಯಗೊಳಿಸಲಾಯಿತು. ತಕ್ಕಡಿ ಹಿಡಿದವನೇ ಸರಕಿನ ಖರೀದಿದಾರನೂ ಆಗಿದ್ದರೆ ತೂಕ ಎತ್ತ ವಾಲುತ್ತದೆಂಬುದನ್ನು ರೈತರಿಗೆ ಬೇರೆ ಹೇಳಬೇಕಾಗಿಲ್ಲ.

ವ್ಯಾಪಾರ ಕುದುರುವ ಕ್ರಮ

ನಮ್ಮ ರಾಜ್ಯದ ಕೃಷಿ ಮಾರುಕಟ್ಟೆಗಳಲ್ಲಿ ಇ-ಟೆಂಡರು ಪದ್ಧತಿ ರೂಢಿಯಲ್ಲಿದೆ. ಖರೀದಿದಾರರು ಒಂದೊಂದು ಲಾಟಿಗೂ ಬೆಲೆ ನಮೂದಿಸುತ್ತಾರೆ. ಹೆಚ್ಚು ಬರೆದವರಿಗೆ ಸರಕು ಸೇರುತ್ತದೆ. ಷೇರುಪೇಟೆ ಇದರಿಂದ ಎರಡು ವಿಷಯಗಳಲ್ಲಿ ಬೇರೆ. ಮೊದಲನೆಯದು, ಮೆಣಸಿನಕಾಯಿಯ ಒಂದು ಲಾಟಿಗೂ ಇನ್ನೊಂದಕ್ಕೂ ಬಣ್ಣ, ತೇವಾಂಶಗಳಲ್ಲಿ ವ್ಯತ್ಯಾಸವಿರುತ್ತದೆ. ಒಂದು ಕಂಪನಿಯ ಸಾಮಾನ್ಯ ಷೇರುಗಳೆಲ್ಲ ಒಂದೇ ತೆರನಾದವು. ಆದ್ದರಿಂದ ಸರಕನ್ನು ಕಣ್ಣಿಂದ ನೋಡದೆ, ಮಾರುವವನ ಗುರುತಿಲ್ಲದೆ ವ್ಯಾಪಾರ ಸಾಧ್ಯ. ಎರಡನೆಯದು, ಇಲ್ಲಿ ಕೊಳ್ಳುವವರೂ ಮಾರುವವರೂ ಇಬ್ಬರೂ ಬೆಲೆ ಹೇಳುತ್ತಾರೆ. ಟೆಂಡರು ದಿನಕ್ಕೊಮ್ಮೆ ತೆರೆಯದೆ ಕ್ಷಣಕ್ಷಣಕ್ಕೂ ತೆರೆಯುತ್ತಿರುತ್ತದೆ.

ಪೇಟೆ ಸೋಮವಾರದಿಂದ ಶುಕ್ರವಾರದವರೆಗೆ, ರಜಾದಿನಗಳನ್ನು ಬಿಟ್ಟು, ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರ ವರೆಗೆ ನಡೆಯುತ್ತದೆ. ಅದಕ್ಕೆ ಮುಂಚೆ 9.00ರಿಂದ 9.15ರ ವರೆಗೆ ಬೇಡಿಕೆಗಳನ್ನು ಒಟ್ಟುಗೂಡಿಸಿ ದಿನದ ಆರಂಭದ ಬೆಲೆಯನ್ನು ಗೊತ್ತುಪಡಿಸಲಾಗುತ್ತದೆ. ಅನಂತರ ಬಂದ ಬೇಡಿಕೆಗಳನ್ನು ಗಣಕಯಂತ್ರವು ಎರಡು ನಿಯಮಗಳ ಪ್ರಕಾರ ಸಾಲಾಗಿ ಜೋಡಿಸುತ್ತದೆ. ಉತ್ತಮ ಬೆಲೆ ಹೇಳಿದವನು ಮುಂದೆ. ಬೆಲೆ ಒಂದೇ ಆಗಿದ್ದರೆ ಮೊದಲು ಬಂದವನು ಮುಂದೆ. ಹೆಚ್ಚು ಹಣವಂತನೆಂದಾಗಲಿ, ದೊಡ್ಡ ಕಚೇರಿಯೆಂದಾಗಲಿ ಸಾಲಿನಲ್ಲಿ ಮೇಲಿನ ಸ್ಥಾನವಿಲ್ಲ.

ಒಂದು ಕಂಪನಿಯ ಷೇರಿಗೆ ಒಂದು ಕ್ಷಣದಲ್ಲಿ ಈ ಕೆಳಗಿನಂತೆ ಬೇಡಿಕೆಗಳಿವೆ ಎಂದು ಭಾವಿಸೋಣ.

ಕೊಳ್ಳುವವರು: 249.90 ರೂ.ಗೆ 100 ಷೇರು, 249.80 ರೂ.ಗೆ 300 ಷೇರು.
ಮಾರುವವರು: 250.10 ರೂ.ಗೆ 50 ಷೇರು, 250.20 ರೂ.ಗೆ 200 ಷೇರು.

ಈಗ ಒಬ್ಬ ರೈತ 'ಪೇಟೆಯ ಬೆಲೆಗೆ 150 ಷೇರು ಬೇಕು' ಎಂದು ಹೇಳಿದರೆ, ಅವನಿಗೆ 50 ಷೇರು 250.10ರಂತೆ, ಉಳಿದ 100 ಷೇರು 250.20ರಂತೆ ಸಿಗುತ್ತವೆ. ಒಟ್ಟು 37,525 ರೂಪಾಯಿ. ಅದರ ಬದಲು '250.10 ರೂ.ಗಿಂತ ಹೆಚ್ಚು ಕೊಡಲಾರೆ' ಎಂದು ಮಿತಿ ಹಾಕಿದರೆ ಆ ಬೆಲೆಗೆ 50 ಷೇರು ಮಾತ್ರ ಸಿಕ್ಕಿ, ಉಳಿದ 100ಕ್ಕೆ ಅವನು ಕೊಳ್ಳುವವರ ಸಾಲಿನಲ್ಲಿ ಮೊದಲಿಗನಾಗಿ ಕಾಯುತ್ತಾನೆ. ಸಂಜೆಯೊಳಗೆ ಮಾರುವವರು ಸಿಗದಿದ್ದರೆ ಆ ದಿನದ ಬೇಡಿಕೆ ರದ್ದಾಗುತ್ತದೆ. ದಿನವೂ ಸಾವಿರಾರು ಜನ ವ್ಯಾಪಾರ ಮಾಡುವ ಷೇರುಗಳಲ್ಲಿ ಈ ಎರಡು ಬಗೆಗೂ ಅಂತರ ಪೈಸೆಗಳಲ್ಲಿರುತ್ತದೆ. ವ್ಯಾಪಾರ ತೆಳುವಾಗಿರುವ ಸಣ್ಣ ಕಂಪನಿಗಳಲ್ಲಿ ಅಂತರ ಬಹಳ ಹೆಚ್ಚಿರುತ್ತದೆ. ಆದುದರಿಂದ ಬೆಲೆಯ ಮಿತಿ ಹಾಕಿಯೇ ಬೇಡಿಕೆ ಸಲ್ಲಿಸುವುದು ಕ್ಷೇಮ.

ಕೊಂಡ ಬೆಲೆಯ ಜೊತೆಗೆ ಖರ್ಚುಗಳೂ ಇವೆ. ದಲ್ಲಾಳಿ ಶುಲ್ಕ, ಅದರ ಮೇಲಿನ ಜಿ.ಎಸ್.ಟಿ., ಮುದ್ರಾಂಕ ಶುಲ್ಕ, ಮತ್ತು ಷೇರುಗಳನ್ನು ಖಾತೆಗೆ ಪಡೆದುಕೊಳ್ಳುವ ವ್ಯಾಪಾರದಲ್ಲಿ ಕೊಳ್ಳುವಾಗಲೂ ಮಾರುವಾಗಲೂ ತಲಾ ಶೇ. 0.1ರ ವಹಿವಾಟು ತೆರಿಗೆ ತಗಲುತ್ತವೆ. ಇವೆಲ್ಲವನ್ನೂ ತೋರಿಸುವ ಕರಾರು ಚೀಟಿಯನ್ನು ದಲ್ಲಾಳಿಯು 24 ಗಂಟೆಗಳೊಳಗೆ ಕಳುಹಿಸಬೇಕು. ಮಾರುಕಟ್ಟೆಯ ಲೆಕ್ಕದ ಪಟ್ಟಿಯಂತೆ ಇದನ್ನೂ ಓದಿ ನೋಡಿ ಜೋಪಾನ ಮಾಡಬೇಕು.

ಹಣ ಮತ್ತು ಷೇರು ಕೈಬದಲಾಗುವುದು

ವ್ಯಾಪಾರ ಕುದುರಿದ ಮರುಗಳಿಗೆಯೇ ತೀರುವಳಿ ನಿಗಮವು ಇಬ್ಬರ ನಡುವೆ ಬಂದು ನಿಲ್ಲುತ್ತದೆ. ಕಾನೂನಿನ ದೃಷ್ಟಿಯಲ್ಲಿ ಪ್ರತಿ ಮಾರುವವನಿಗೂ ನಿಗಮವೇ ಖರೀದಿದಾರ, ಪ್ರತಿ ಕೊಳ್ಳುವವನಿಗೂ ನಿಗಮವೇ ಮಾರಾಟಗಾರ. ಎದುರಿನವನು ಮಾತು ತಪ್ಪಿದರೂ ವ್ಯಾಪಾರ ಮುರಿಯುವುದಿಲ್ಲ. ಸರಕು ಒಯ್ದ ವರ್ತಕ ಹಣ ಕೊಡದೆ ಊರು ಬಿಟ್ಟನೆಂಬ ದೂರು ಇಲ್ಲಿ ಏಳದಂತೆ ಮಾಡಿರುವುದು ಈ ವ್ಯವಸ್ಥೆಯೇ. ಇದಕ್ಕಾಗಿ ನಿಗಮವು ದಲ್ಲಾಳಿಗಳಿಂದ ಮುಂಗಡ ಠೇವಣಿ ಪಡೆಯುತ್ತದೆ. ಪ್ರತ್ಯೇಕ ಖಾತರಿ ನಿಧಿಯನ್ನೂ ಇಟ್ಟಿದೆ. ಮಾರಿದವನು ಷೇರು ಒಪ್ಪಿಸದಿದ್ದರೆ ಹರಾಜಿನಲ್ಲಿ ಷೇರು ಕೊಂಡು ಕೊಳ್ಳುವವನಿಗೆ ಕೊಟ್ಟು, ಹೆಚ್ಚಿನ ವೆಚ್ಚವನ್ನು ತಪ್ಪಿದವನಿಂದ ವಸೂಲು ಮಾಡಲಾಗುತ್ತದೆ.

ತೀರುವಳಿಗೆ ಹಿಡಿಯುವ ಕಾಲವೂ ಬಹಳ ಕಡಿಮೆಯಾಗಿದೆ. 2002ರಲ್ಲಿ ವ್ಯಾಪಾರದ ಅನಂತರ ಮೂರು ಕೆಲಸದ ದಿನ, 2003ರಲ್ಲಿ ಎರಡು ದಿನ ಎಂದಿದ್ದುದು 2023ರ ಜನವರಿಯಿಂದ ಎಲ್ಲ ಷೇರುಗಳಿಗೂ ಒಂದೇ ದಿನ ಎಂದಾಯಿತು. ಸೋಮವಾರ ಕೊಂಡ ಷೇರು ಮಂಗಳವಾರ ಡಿಮ್ಯಾಟ್ ಖಾತೆಗೆ ಬರುತ್ತದೆ; ಮಾರಿದವನಿಗೆ ಹಣವೂ ಅದೇ ದಿನ.

2019ರಲ್ಲಿ ಒಂದು ದೊಡ್ಡ ದಲ್ಲಾಳಿ ಸಂಸ್ಥೆಯು ಗ್ರಾಹಕರ ಷೇರುಗಳನ್ನು ತನ್ನ ಸಾಲಕ್ಕೆ ಅಡವಿಟ್ಟ ಸಂಗತಿ ಬೆಳಕಿಗೆ ಬಂತು. ಅನಂತರ, 2020ರ ಸೆಪ್ಟೆಂಬರ್‌ನಿಂದ, ಠೇವಣಿಗಾಗಿ ಕೊಡುವ ಷೇರುಗಳೂ ಗ್ರಾಹಕನ ಖಾತೆಯಲ್ಲೇ ಉಳಿದು ಅಡವಿನ ಗುರುತು ಮಾತ್ರ ಬೀಳುವ ಪದ್ಧತಿ ಬಂತು. ಹಳೆಯ ಕಾಗದದ ಷೇರು ಪತ್ರಗಳು ಪೆಟ್ಟಿಗೆಯಲ್ಲಿರುವ ಮನೆಗಳವರು ಒಂದು ವಿಷಯ ತಿಳಿದಿರಬೇಕು. 2019ರ ಏಪ್ರಿಲ್ 1ರಿಂದ ಪೇಟೆಯ ಪಟ್ಟಿಯಲ್ಲಿರುವ ಕಂಪನಿಗಳ ಕಾಗದದ ಷೇರುಗಳನ್ನು ಸಾಮಾನ್ಯವಾಗಿ ಮಾರಿ ವರ್ಗಾಯಿಸಲಾಗದು; ಅವನ್ನು ಮೊದಲು ಡಿಮ್ಯಾಟ್‌ಗೆ ಪರಿವರ್ತಿಸಿಕೊಳ್ಳಬೇಕು.

ಸೂಚ್ಯಂಕ ಮತ್ತು ತಡೆಗಳು

ಪತ್ರಿಕೆ, ರೇಡಿಯೊಗಳಲ್ಲಿ ಬರುವ 'ನಿಫ್ಟಿ' ಎಂಬುದು ಈ ಪೇಟೆಯ 50 ದೊಡ್ಡ ಕಂಪನಿಗಳ ಷೇರು ಬೆಲೆಗಳ ಸೂಚ್ಯಂಕ. 1995ರ ನವೆಂಬರ್ 3ರ ಮಟ್ಟವನ್ನು 1000 ಎಂದು ಹಿಡಿದು ಲೆಕ್ಕ ಹಾಕುತ್ತಾರೆ. ದೊಡ್ಡ ಕಂಪನಿಗೆ ದೊಡ್ಡ ತೂಕ. ಆದ್ದರಿಂದ ಸೂಚ್ಯಂಕ ಏರಿದ ದಿನವೂ ಒಬ್ಬನ ಕೈಯಲ್ಲಿರುವ ಷೇರು ಇಳಿಯಬಹುದು. ಜಿಲ್ಲೆಯ ಸರಾಸರಿ ಮಳೆ ಚೆನ್ನಾಗಿದ್ದರೂ ಒಂದು ಹೋಬಳಿ ಒಣಗಬಹುದಲ್ಲವೇ, ಹಾಗೆ.

ಜನ ಗಾಬರಿಗೊಂಡಾಗ ಪೇಟೆಯನ್ನು ನಿಲ್ಲಿಸಿ ಉಸಿರಾಡಲು ಅವಕಾಶ ಕೊಡುವ ಏರ್ಪಾಡಿದೆ. ಸೂಚ್ಯಂಕ ಶೇ. 10, 15 ಅಥವಾ 20ರಷ್ಟು ಏರಿದರೆ ಇಲ್ಲವೆ ಇಳಿದರೆ ವ್ಯಾಪಾರ ತಡೆಯಲ್ಪಡುತ್ತದೆ. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 23ರಂದು, ಬೆಳಿಗ್ಗೆಯೇ ಶೇ. 10ರ ತಡೆ ಬಿದ್ದು ವ್ಯಾಪಾರ 45 ನಿಮಿಷ ನಿಂತಿತು. ಮತ್ತೆ ತೆರೆದಾಗಲೂ ಬೆಲೆ ಇಳಿಯಿತು. ದಿನದ ಕೊನೆಗೆ ನಿಫ್ಟಿ ಸುಮಾರು ಶೇ. 13 ಕುಸಿದಿತ್ತು. ತಡೆ ಎಂಬುದು ಬದು ಇದ್ದಂತೆ. ಹರಿವನ್ನು ನಿಧಾನಗೊಳಿಸುತ್ತದೆ, ಮಳೆಯನ್ನು ನಿಲ್ಲಿಸುವುದಿಲ್ಲ. ಯಂತ್ರಕ್ಕೂ ಕೆಡುಕಿದೆ: 2021ರ ಫೆಬ್ರವರಿ 24ರಂದು ತಾಂತ್ರಿಕ ದೋಷದಿಂದ ರಾಷ್ಟ್ರೀಯ ಷೇರುಪೇಟೆಯ ವ್ಯಾಪಾರ ಸುಮಾರು ನಾಲ್ಕು ಗಂಟೆ ಕಾಲ ಸ್ಥಗಿತಗೊಂಡು, ಆ ದಿನ ಸಂಜೆ 5 ಗಂಟೆಯವರೆಗೆ ಪೇಟೆ ನಡೆಸಬೇಕಾಯಿತು.

ವಾಯಿದೆ ವ್ಯಾಪಾರದ ಅಪಾಯ

2000ದ ಜೂನ್‌ನಲ್ಲಿ ಈ ಪೇಟೆಯಲ್ಲಿ ವಾಯಿದೆ ಕರಾರುಗಳು ಆರಂಭವಾದವು. ಅನಂತರ 'ಆಪ್ಷನ್' ಕರಾರುಗಳೂ ಬಂದವು. ಮುಂದಿನ ಒಂದು ದಿನದ ಬೆಲೆಯನ್ನು ಇಂದೇ ಗೊತ್ತುಮಾಡಿಕೊಳ್ಳುವುದು ಇದರ ಮೂಲ ಉದ್ದೇಶ. ಕೈಯಲ್ಲಿ ನಿಜವಾಗಿ ಷೇರುಗಳಿರುವವನು ಬೆಲೆ ಬಿದ್ದೀತೆಂಬ ಭಯಕ್ಕೆ ಇದನ್ನು ವಿಮೆಯಂತೆ ಬಳಸಬಹುದು. ಆದರೆ ಷೇರುಗಳಿಲ್ಲದವರೂ ಬೆಲೆಯ ಏರಿಳಿತದ ಮೇಲೆ ಪಣ ಕಟ್ಟಲು ಇಲ್ಲಿ ಅವಕಾಶವಿದೆ. ಅಪಾಯ ಇರುವುದು ಇಲ್ಲಿಯೇ.

ಉದಾಹರಣೆಗೆ, 500 ಷೇರುಗಳ ಒಂದು ಕಂತೆಗೆ ಷೇರೊಂದಕ್ಕೆ 10 ರೂ.ನಂತೆ 5,000 ರೂ. ಕೊಟ್ಟು ಒಬ್ಬನು ಆಪ್ಷನ್ ಕೊಂಡನೆನ್ನೋಣ. ಗಡುವಿನ ದಿನದೊಳಗೆ ಬೆಲೆ ಅವನು ಎಣಿಸಿದ ಮಟ್ಟ ಮುಟ್ಟದಿದ್ದರೆ ಆ 5,000 ರೂ. ಪೂರ್ತಿ ಹೋಗುತ್ತದೆ. ಷೇರಿನ ಬೆಲೆ ಬಿದ್ದರೆ ಕಾಯಬಹುದು. ಗಡುವು ಮುಗಿದ ಆಪ್ಷನ್ ಹೊತ್ತು ಮೀರಿದ ನಾಟಿಯಂತೆ, ಕಾದು ಫಲವಿಲ್ಲ. ಆಪ್ಷನ್ ಮಾರಿದವನ ನಷ್ಟಕ್ಕಂತೂ ಅವನು ಪಡೆದ ಮೊತ್ತದ ಮಿತಿಯೂ ಇಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಅಂಕಿಗಳನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. 2021-22ರಿಂದ 2023-24ರ ವರೆಗಿನ ಮೂರು ವರ್ಷಗಳಲ್ಲಿ ಈ ವ್ಯಾಪಾರ ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳ ಪೈಕಿ ಶೇ. 93 ಮಂದಿ ನಷ್ಟ ಹೊಂದಿದರು. ಖರ್ಚುಗಳೂ ಸೇರಿ ಸರಾಸರಿ ನಷ್ಟ ತಲಾ ಸುಮಾರು 2 ಲಕ್ಷ ರೂಪಾಯಿ; ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಅಧಿಕ. ಖರ್ಚು ಕಳೆದು 1 ಲಕ್ಷ ರೂಪಾಯಿಗಿಂತ ಹೆಚ್ಚು ಲಾಭ ಕಂಡವರು ನೂರಕ್ಕೆ ಒಬ್ಬರು ಮಾತ್ರ. ನೂರು ಎಕರೆಯಲ್ಲಿ ತೊಂಬತ್ತಮೂರು ಎಕರೆ ವಿಫಲವಾಗುವ ತಳಿಯನ್ನು ಯಾವ ರೈತನೂ ಬಿತ್ತಲಾರ.

ಪೇಟೆ ಯಾವುದಕ್ಕೆ ಹೊಣೆ?

ಇಷ್ಟೆಲ್ಲ ವ್ಯವಸ್ಥೆಯ ಸಾರವನ್ನು ಒಂದು ಮಾತಿನಲ್ಲಿ ಹೇಳಬಹುದು. ವ್ಯಾಪಾರ ನ್ಯಾಯವಾಗಿ ಕುದುರುವುದಕ್ಕೆ, ಹಣ ಮತ್ತು ಷೇರು ಸರಿಯಾಗಿ ಕೈಸೇರುವುದಕ್ಕೆ ಪೇಟೆ ಹೊಣೆ. ಕೊಂಡ ಷೇರಿನ ಬೆಲೆ ಏರುವುದಕ್ಕೆ, ಕಂಪನಿ ಚೆನ್ನಾಗಿ ನಡೆಯುವುದಕ್ಕೆ ಅದು ಹೊಣೆಯಲ್ಲ. ತೂಕ ಸರಿಯಾಗಿದೆ ಎಂದರೆ ಈರುಳ್ಳಿಗೆ ಒಳ್ಳೆಯ ದರ ಸಿಕ್ಕಿತು ಎಂದು ಅರ್ಥವಲ್ಲ. 'ಸರಕಾರದ ನಿಯಂತ್ರಣವಿದೆ, ಆದ್ದರಿಂದ ಹಣಕ್ಕೆ ಭಯವಿಲ್ಲ' ಎಂಬ ಮಾತು ಅರ್ಧ ಸತ್ಯ. ಇನ್ನು ಪೇಟೆಯ ಹೊರಗೆ ನಡೆಯುವ 'ಡಬ್ಬಾ' ವ್ಯಾಪಾರಕ್ಕೆ ಮೇಲೆ ಹೇಳಿದ ಯಾವ ರಕ್ಷಣೆಯೂ ಇಲ್ಲ; ಅದು ಅಪರಾಧವೂ ಹೌದು.

ಅನುಸರಿಸಬೇಕಾದ ಮುನ್ನೆಚ್ಚರಿಕೆಗಳು

1. ಬಿತ್ತನೆ, ಗೊಬ್ಬರ, ಮಕ್ಕಳ ಓದು, ಮದುವೆಗೆಂದು ಇಟ್ಟ ಹಣವನ್ನು ಷೇರುಗಳಿಗೆ ಹಾಕಬಾರದು. ಬೆಳೆಸಾಲ ತಂದು ಹೂಡುವುದಂತೂ ಸಲ್ಲದು. ಹೆಚ್ಚು ಬಡ್ಡಿಯ ಸಾಲವಿದ್ದರೆ ಮೊದಲು ಅದನ್ನು ತೀರಿಸುವುದೇ ಖಚಿತವಾದ ಲಾಭ.

2. ಪರಿಹಾರದ ದೊಡ್ಡ ಮೊತ್ತ ಬಂದಾಗ ಕೆಲವು ತಿಂಗಳು ಬ್ಯಾಂಕ್ ಠೇವಣಿಯಲ್ಲಿಟ್ಟು, ಮನೆಯವರೆಲ್ಲ ಕೂತು ಯೋಚಿಸಿ ಮುಂದುವರಿಯಬೇಕು. ಹೋದ ಭೂಮಿ ಮರಳಿ ಬರುವುದಿಲ್ಲ. ಅದರ ಹಣವೂ ಹೋದರೆ ಬದುಕಿಗೆ ಆಧಾರವಿರದು.

3. ದಲ್ಲಾಳಿಯ ಮತ್ತು ಸಲಹೆಗಾರನ ನೋಂದಣಿ ಸಂಖ್ಯೆಯನ್ನು ಸೆಬಿಯ ಪಟ್ಟಿಯಲ್ಲಿ ಪರೀಕ್ಷಿಸಬೇಕು. ನಿಶ್ಚಿತ ಲಾಭದ ಭರವಸೆ ಕೊಡುವವನು ಮೋಸಗಾರನೆಂದೇ ತಿಳಿಯಬೇಕು.

4. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬರುವ ನಕಲಿ ಆ್ಯಪ್‌ಗಳು ತೆರೆಯ ಮೇಲೆ ಲಾಭವನ್ನು ತೋರಿಸುತ್ತವೆ. ನಿಜವಾಗಿ ಕೊಂಡ ಷೇರು ಮರುಕೆಲಸದ ದಿನ ಡಿಮ್ಯಾಟ್ ಖಾತೆಗೆ ಬರಲೇಬೇಕು. ಠೇವಣಿ ಭಂಡಾರವೇ ನೇರವಾಗಿ ಕಳುಹಿಸುವ ಲೆಕ್ಕದಲ್ಲಿ ಅದು ಕಾಣದಿದ್ದರೆ ಷೇರು ಕೊಂಡೇ ಇಲ್ಲವೆಂದು ಅರ್ಥ.

5. ಹಣವನ್ನು ಯಾವುದೇ ವ್ಯಕ್ತಿಯ ಸ್ವಂತ ಖಾತೆಗೆ ಕಳುಹಿಸಬಾರದು. ಗುಪ್ತ ಸಂಖ್ಯೆ, ಓ.ಟಿ.ಪಿ.ಗಳನ್ನು ಯಾರಿಗೂ ಹೇಳಬಾರದು. ಹೊಸ ಷೇರು ನೀಡಿಕೆಗೆ ಅರ್ಜಿ ಹಾಕುವಾಗ ಷೇರು ಮಂಜೂರಾಗುವವರೆಗೂ ಹಣ ಅರ್ಜಿದಾರನ ಬ್ಯಾಂಕ್ ಖಾತೆಯಲ್ಲಿಯೇ ಇರುತ್ತದೆ.

6. ಡಿಮ್ಯಾಟ್ ಖಾತೆಗೆ ನಾಮನಿರ್ದೇಶನ ಮಾಡಿ, ಮನೆಯವರಿಗೆ ತಿಳಿಸಿರಬೇಕು.

7. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ ಷೇರು ಮಾರಿ ಬಂದ ಲಾಭಕ್ಕೆ ತೆರಿಗೆ ಇದೆ. ಲೆಕ್ಕ ಬೇರೆಯಾಗಿಡಬೇಕು.

8. ದಲ್ಲಾಳಿಯ ಮೇಲಿನ ದೂರನ್ನು ಸೆಬಿಯ 'ಸ್ಕೋರ್ಸ್' ವ್ಯವಸ್ಥೆಗೆ ಸಲ್ಲಿಸಬಹುದು. ನಕಲಿ ಆ್ಯಪ್‌ನಿಂದ ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳು ಅಮೂಲ್ಯ.

ಒಟ್ಟಿನಲ್ಲಿ ಹೇಳುವುದಾದರೆ, ರಾಷ್ಟ್ರೀಯ ಷೇರುಪೇಟೆ ಶಿಸ್ತಿನಿಂದ ಕಟ್ಟಿದ ಒಂದು ಮಾರುಕಟ್ಟೆ. ಕಂಪನಿಯ ಲೆಕ್ಕಪತ್ರ ಓದಿ, ಬೇರೆಬೇರೆ ಕ್ಷೇತ್ರಗಳಲ್ಲಿ ಸ್ವಲ್ಪಸ್ವಲ್ಪವಾಗಿ, ವರ್ಷಗಳ ಕಾಲ ಕೈಬಿಟ್ಟಿರಬಲ್ಲ ಹಣವನ್ನಷ್ಟೇ ಹೂಡುವವನಿಗೆ ಅದು ತೋಟವಾಗಬಹುದು. ತೋಟ ಫಲ ಕೊಡಲು ಕಾಲ ಬೇಕು. ಕೆಲವು ಗಿಡಗಳು ಸಾಯುವುದೂ ಉಂಟು. ಇಂದು ನೆಟ್ಟು ನಾಳೆ ಕೊಯ್ಯುವ ಆಸೆಯಿಂದ ಬಂದವನಿಗೆ ಅಲ್ಲಿ ತಕ್ಕಡಿ ಸರಿಯಾಗಿಯೇ ತೂಗುತ್ತದೆ. ತೂಗಿ ಹೋಗುವುದು ಅವನ ಹಣ.